ಕುಳಿತು ಪಡೆದ ಉಸಿರು

ಶರಣಬಂಧುಗಳೆ, ೧೯೭೪ರ ಶ್ರಾವಣದಲ್ಲಿ ನನ್ನ ಯಜಮಾನರು ಮಲಗಿದರೆ ಉಸಿರು ಕಟ್ಟುವ ಸ್ಥಿತಿಗೆ ಬಂದಿದ್ದರು. ಕುಳ್ಳಿರಿಸೋಣವೆಂದರೆ ಮನೆಯಲ್ಲಿ ಅದಕ್ಕೆ ಅಪ್ಪಣೆಯಿರಲಿಲ್ಲ.

ನಮ್ಮದು ಗುಡಗೇರಿ. ಯಜಮಾನರು ಎಳೆಯ ಪ್ರಾಯದಿಂದ ಜಿನ್ನಿಂಗ್ ಗಿರಣಿಯಲ್ಲಿ, ಹತ್ತಿಯ ಧೂಳಿನ ನಡುವೆ ದುಡಿದವರು. ಮೊದಲು ಕೆಮ್ಮು ಬಂದಿತು, ಆಮೇಲೆ ಏದುಸಿರು. ಕೊನೆಗೆ ಹಿತ್ತಲಿಗೆ ಹೋಗಿಬರುವುದೂ ದುಸ್ತರವಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್-ರೇ ನೋಡಿ ನನ್ನನ್ನು ಹೊರಗೆ ಕರೆದರು.

“ಅಕ್ಕಾರ, ಖರೇ ಹೇಳ್ತೀನಿ. ಇದು ವಾಸಿ ಆಗೂದಲ್ರಿ, ಹೆಚ್ಚಕೋತನ ಹೊಕ್ಕೈತಿ. ಆದ್ರ ಇರೂತನಕಾ ಒದ್ದಾಡಬಾರ್ದಲ್ರಿ? ಅಂಗಾತ ಮಲಗಸಬ್ಯಾಡ್ರಿ. ಬೆನ್ನಿಗೆ ಆಸರಾ ಕೊಟ್ಟು ಕೂಡಸ್ರಿ, ಕಿಡಕಿ ತಗದಿಡ್ರಿ. ಈ ಔಷಧ ದಮ್ಮಿನ ಸಂಕಟಾ ಸ್ವಲ್ಪ ಕಡಿಮಿ ಮಾಡ್ತೈತಿ.”

ಶಾಲೆಯಲ್ಲಿ ವ್ಯಾಕರಣ ಕಲಿಸಿದ ನಾನು ಆ ಮಾತುಗಳನ್ನು ಔಷಧದ ಚೀಟಿಯ ಹಿಂದೆ ಒಂದೊಂದಾಗಿ ಬರೆದುಕೊಂಡೆ.

ಮರಳುವಾಗ ಯಜಮಾನರು ರೈಲಿನ ಹಲಗೆಗೆ ಒರಗಿ ಕುಳಿತು, ಗುಡಗೇರಿಯವರೆಗೂ ಸಮಾಧಾನದಿಂದ ಉಸಿರಾಡಿದರು. ಮನೆಗೆ ಬಂದೊಡನೆ ಹಾಸಿಗೆಯನ್ನು ಗೋಡೆಗೆ ಸರಿಸಿ ಹಾಗೆಯೇ ಕುಳ್ಳಿರಿಸಿದೆ. ಅತ್ತೆ ನೀಲವ್ವನವರು ನೋಡಿ ಚೀರಿದರು.

“ಏ ಶಾಂತವ್ವಾ! ಕಣ್ಣ ಹೋಗ್ಯಾವೇನ ನಿನಗ? ಜೀವಂತ ಮಗನ್ನ ಹೆಣದಂಗ ಗ್ವಾಡಿಗೆ ಕೂಡಸ್ತೀ? ಮಲಗಸ, ಮೊದಲ ಮಲಗಸ!”

ನಮ್ಮ ಪದ್ಧತಿ ತಮಗೆ ತಿಳಿದದ್ದೇ. ಪ್ರಾಣ ಹೋದ ಮೇಲೆ ದೇಹವನ್ನು ಗೋಡೆಗೆ ಆನಿಸಿ ಕುಳ್ಳಿರಿಸಿ, ವಿಭೂತಿ ಹಚ್ಚಿ, ಎದುರಿಗೆ ಭಜನೆ ಮಾಡುತ್ತೇವೆ. ಕುಳಿತ ಭಂಗಿಯಲ್ಲೇ ಮಣ್ಣು ಕೊಡುತ್ತೇವೆ. ಬದುಕಿರುವವನನ್ನು ಹಾಗೆ ಕುಳ್ಳಿರಿಸಿದರೆ ಸಾವನ್ನು ಕೂಗಿ ಕರೆದಂತೆಂದು ಅತ್ತೆಯವರ ನಂಬಿಕೆ. ಓಣಿಯ ಹೆಂಗಸರೂ ಅವರ ಪಕ್ಷ ವಹಿಸಿದರು. ನಾನು ಎಬ್ಬಿಸಿದಷ್ಟು ಸಲವೂ ಅತ್ತೆ ಬಂದು ಮಲಗಿಸುತ್ತಿದ್ದರು. ಯಜಮಾನರ ತುಟಿ ನೀಲಿಗಟ್ಟುತ್ತಿತ್ತು. ಮಗನ ಮೇಲಿನ ಪ್ರೀತಿಯಿಂದಲೇ ತಾಯಿ ಅವರ ಉಸಿರು ಕಟ್ಟಿಸುತ್ತಿದ್ದರು.

ಶ್ರಾವಣದ ಕೊನೆಯ ಸೋಮವಾರ ಸಂಜೆ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಬೇಡಿದೆ: “ಗುಣಪಡಿಸೆಂದು ಕೇಳುವುದಿಲ್ಲ, ತಂದೆ. ಈ ಉಸಿರಿಗೊಂದು ಆಸರೆ ಕೊಡು.”

ಪೂಜೆ ಮುಗಿಸಿ ಬಂದಾಗ ಯಜಮಾನರು ತಾಯಿಯ ಸೆರಗು ಹಿಡಿದು, ತಡೆತಡೆದು ನುಡಿಯುತ್ತಿದ್ದರು.

“ಯವ್ವಾ... ಸತ್ತ ಮ್ಯಾಲ ಹೆಂಗೂ ಕೂಡಸಾವ್ರ ಅದೀರಿ. ಅದರಾಗಿಂದ ಒಂದ ತಾಸು... ಈಗ ಕಡಾ ಕೊಡಬೇ.”

ಹೀಗೆ ಸಾಲ ಕೇಳಿ, ನಕ್ಕರು! ಅತ್ತೆ ಎದೆ ಬಡಿದುಕೊಳ್ಳುವರೆಂದೇ ಎಣಿಸಿದೆ. ಆದರೆ ಅವರು ಸೆರಗು ಬಿಗಿದು ಹಾಸಿಗೆಯ ಮೇಲೆ ಹತ್ತಿ, ಮಗನನ್ನು ಎತ್ತಿ ಕುಳ್ಳಿರಿಸಿ, ಆ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಕುಳಿತುಬಿಟ್ಟರು.

“ಗ್ವಾಡಿಗೆ ಹೆಣಾ ಆನಸ್ತಾರ. ನೀ ನನಗ ಆನಕೊ. ಅವ್ವನ ಬೆನ್ನಿಗೆ ಹೆಣಾ ಆನಿಸಿದ್ದು ಯಾರ ಕಂಡಾರಲೇ?”

ಏದುಸಿರು ಮೆಲ್ಲಗೆ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಗೊರಕೆ ಕೇಳಿಸಿತು. ನನ್ನ ಮೊರೆಗೆ ಉತ್ತರ ಅತ್ತೆಯವರ ಬಾಯಿಂದಲೇ ಬರುವುದೆಂದು ನಾನು ಕನಸಿನಲ್ಲಿಯೂ ನೆನೆದಿರಲಿಲ್ಲ.

ಸುಗ್ಗಿಯವರೆಗೂ ಅತ್ತೆ ಸೊಸೆ ಸರದಿಯಂತೆ ಬೆನ್ನು ಕೊಟ್ಟೆವು. ಔಷಧವನ್ನೂ ತಪ್ಪಿಸಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ. ಯಜಮಾನರು ಗಂಜಿ ಕುಡಿದರು. ಉಪ್ಪು ಕಡಿಮೆಯೆಂದು ಜಗಳವನ್ನೂ ಆಡಿದರು. ಒಂದು ಮುಂಜಾನೆ, ಒದ್ದಾಡದೆ, ತಾಯಿಯ ಬೆನ್ನಿಗೆ ಒರಗಿಯೇ ಲಿಂಗೈಕ್ಯರಾದರು. ಮೊದಲು ತಿಳಿದದ್ದು ಆ ಬೆನ್ನಿಗೆ. ಅತ್ತೆ ಬಹಳ ಹೊತ್ತು ಅಲುಗಾಡಲಿಲ್ಲ.

ನಾನು ಬೇಡಿದ್ದು ಉಸಿರಿಗೊಂದು ಆಸರೆ. ಕೊಟ್ಟ ಶಿವನು ಕೊನೆಯ ಉಸಿರಿನವರೆಗೆ ಅದನ್ನು ಹಿಂತೆಗೆಯಲಿಲ್ಲ. ಅವನಿಗೆ ನಿತ್ಯವೂ ಕೈಮುಗಿಯುವಾಗ, ಆ ಮುಂಜಾನೆ ಅತ್ತೆ ಹಿಂದಿರುಗಿ ನೋಡದೆ ಆಡಿದ ಮಾತು ಕಿವಿಯಲ್ಲಿರುತ್ತದೆ:

“ಶಾಂತವ್ವಾ, ಈಗ ಗ್ವಾಡಿಗೆ ಆನಸವಾ.”