ಸೋಮವಾರದ ಗಂಟೆ

ಅಪ್ಪ ಹೋಗಿ ಎರಡು ವರ್ಷವಾದರೂ ಲಕ್ಷ್ಮೇಶ್ವರದ ಸಂತೆಯಲ್ಲಿ ಪರಿಚಯದವರು ಸಿಕ್ಕರೆ ಅದೇ ಮಾತು. ಮೂಕಪ್ರಾಣಿಗಳ ಪಾಲಿಗೆ ನಿಮ್ಮಪ್ಪ ದೇವರಂಥ ಮನುಷ್ಯ ಎನ್ನುತ್ತಾರೆ. ಹೌದು, ದೇವರೇ. ಆ ದೇವರ ಗುಡಿಯ ಸೆಗಣಿ ಬಳಿದವಳು ನಾನು ಎಂದು ಬಾಯಿ ತುದಿಗೆ ಬರುತ್ತದೆ. ನುಂಗಿಕೊಂಡು ಬದನೆಕಾಯಿ ಆರಿಸುತ್ತೇನೆ.

ನಮ್ಮ ಮನೆಯಲ್ಲಿ ದಿನದ ಮೊದಲ ರೊಟ್ಟಿ ಓಣಿಯ ನಾಯಿಗೆ. ಎರಡನೆಯದು ಎತ್ತುಗಳಿಗೆ, ಅರ್ಧರ್ಧ. ಮೂರನೆಯದರಿಂದ ಮನುಷ್ಯರ ಪಾಳಿ. ಅವ್ವ ಗೊಣಗುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬಡಿಯುವ ಕೆಲಸವೂ ಗೊಣಗುವ ಕೆಲಸವೂ ನನ್ನ ಪಾಲಿಗೆ ಬಂದವು. ನಾನು ಶಿರಹಟ್ಟಿಯ ಶಾಲೆಯೊಂದರಲ್ಲಿ ಟೀಚರ್. ಮದುವೆಯಾಗಲಿಲ್ಲ. ಯಾಕೆಂದು ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅಪ್ಪ ಎಲ್ಲರಿಗಿಂತ ಒಂದು ಕೈ ಮೇಲೆ. ರವಿವಾರ ಸಂಜೆಯೇ ಎತ್ತುಗಳ ಕೊರಳಿನಿಂದ ಗಂಟೆಯ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಮಂಗಳವಾರ ಮುಂಜಾನೆಯವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಬಿಚ್ಚಿದ ಮೇಲೆ ಅಂಗೈಗೆ ಕುಸುಬಿ ಎಣ್ಣೆ ಹಾಕಿಕೊಂಡು, ನೊಗ ಉಜ್ಜಿ ದಡ್ಡುಗಟ್ಟಿದ ಹೆಗಲನ್ನು ಬಹಳ ಹೊತ್ತು ತಿಕ್ಕುತ್ತಿದ್ದ. ಗಂಟೆ ಯಾಕೆ ಬಿಚ್ಚುತ್ತೀ ಎಂದು ಸಣ್ಣವಳಿದ್ದಾಗ ಕೇಳಿದ್ದೆ.

"ಗಂಟಿ ಸಪ್ಪಳ ಆದ್ರ ಕೆಲಸ ಐತಿ ಅಂತ ತಿಳಕೋತಾವ. ಹೆಗಲಿಗೆ ರಜಾ ಕೊಟ್ಟು ಕಿವಿಗೆ ಕೊಡದಿದ್ರ ಹ್ಯಾಂಗ?" ಎಂದಿದ್ದ.

ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಪರೀಕ್ಷೆ ಬರೆದು ಬಂದ ಮಗಳನ್ನು ದಣಿದೆಯಾ ಎಂದು ಒಂದು ದಿನವೂ ಕೇಳಿದವನಲ್ಲ. ಎತ್ತಿನ ಕಿವಿಯ ದಣಿವು ಮಾತ್ರ ಅವನಿಗೆ ತಿಳಿಯುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಎತ್ತಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಇಡೀ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅಪ್ಪನಿಗೆ ವಯಸ್ಸಾದ ಮೇಲೆ ಹೊಲವನ್ನು ಪಾಲಿಗೆ ಹಾಕಿದೆವು. ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಉಳಿದದ್ದು ಎಡಗೊಂಬು ಮುರಿದದ್ದು. ಅದಕ್ಕೆ ಇನ್ನೂ ಕಸುವಿತ್ತು, ಕೆಲಸ ಮಾತ್ರ ಇರಲಿಲ್ಲ. ಆದರೂ ವಾರವಿಡೀ ಕೊರಳಿಗೆ ಗಂಟೆ ಬೇಕು, ರವಿವಾರ ಬಿಚ್ಚಬೇಕು, ಎಣ್ಣೆ ತಿಕ್ಕಬೇಕು. ಇಬ್ಬರೂ ಪಿಂಚಣಿ ತೆಗೆದುಕೊಂಡವರಂತೆ ಹಿತ್ತಲಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಕೂತಿರುತ್ತಿದ್ದರು.

ಆಮೇಲೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿದರೂ ಉಳಿಯಿತು. ಗದಗಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ಶಾಲೆಗೆ ರಜೆ ಹಾಕಿ, ನಾನು ಮುಂಜಾನೆ ಸೆಗಣಿ ಬಳಿದು, ಮೇವು ಹಾಕಿ, ಬಸ್ಸು ಹಿಡಿದು ಗದಗಿಗೆ ಹೋಗುವುದು, ಸಂಜೆ ಮತ್ತೆ ಎತ್ತಿಗಾಗಿ ಓಡಿ ಬರುವುದು. ಅದೋ, ನಾನು ಹಾಕಿದ ಮೇವು ಮುಟ್ಟುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತ ನಿಲ್ಲುತ್ತಿತ್ತು. ಒಂದು ಮುಂಜಾನೆ ನನ್ನ ಕಾಲನ್ನೇ ತುಳಿಯಿತು. ಅಲ್ಲೇ ಗೋದಲಿಯ ಪಕ್ಕ ಕೂತು ಅತ್ತೆ, ಎತ್ತನ್ನೂ ಅಪ್ಪನನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈದೆ.

ಅಡರಕಟ್ಟಿಯ ಮುಸಲ್ಮಾನ ರೈತರೊಬ್ಬರು ತಮ್ಮ ಒಂಟಿ ಎತ್ತಿಗೆ ಜೋಡಿ ಹುಡುಕುತ್ತಿದ್ದರು. ದನಗಳನ್ನು ಚೆನ್ನಾಗಿ ನೋಡಿಕೊಳ್ಳುವವರೆಂದು ಹೆಸರಿತ್ತು. ಹೊಡೆದುಕೊಂಡು ಹೋಗಿರಿ ಎಂದೆ. ಹೋಗುವಾಗ ಅವರು ಗಂಟೆಯ ಪಟ್ಟಿ ಬಿಚ್ಚಿ, ಇದು ನಿಮ್ಮ ಅಪ್ಪನವರು ಕಟ್ಟಿದ್ದು, ಇಲ್ಲೇ ಇರಲಿ ಎಂದು ನನ್ನ ಕೈಗಿತ್ತರು. ಅಪ್ಪನನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಕೇಳಿದ್ದರೆ ಕೊಡು ಎನ್ನುತ್ತಿರಲಿಲ್ಲ.

ಮಂಗಳವಾರ ಅವನನ್ನು ಮನೆಗೆ ಕರೆತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದೆ. ಹಿತ್ತಲು ಅಲ್ಲಿಗೆ ಕಾಣುವುದಿಲ್ಲ. ಎತ್ತಿಗೆ ನೀರು ಕುಡಿಸಿದೆಯಾ ಎಂಬುದೇ ಅವನ ಮೊದಲ ಮಾತು. ಈ ಸ್ಥಿತಿಯಲ್ಲಿ ಖರೆ ಹೇಳಿದರೆ ಜೀವಕ್ಕೇ ಏನಾದರೂ ಆದೀತೆಂದು ಹೆದರಿ, ಹೂಂ ಎಂದೆ. ಗಂಟೆಯ ಸಪ್ಪಳವೇ ಕೇಳುತ್ತಿಲ್ಲವಲ್ಲ ಎಂದ. ಹಿತ್ತಲಿಗೆ ಹೋದೆ. ಗೂಟದಿಂದ ಪಟ್ಟಿ ತೆಗೆದುಕೊಂಡು ಅಲ್ಲಾಡಿಸಿದೆ. ಒಳಗೆ ಬಂದಾಗ ಅಪ್ಪ ಕಣ್ಣು ಮುಚ್ಚಿ ಸಮಾಧಾನದಿಂದ ಮಲಗಿದ್ದ.

ಆವತ್ತಿನಿಂದ ಅದೂ ಒಂದು ಕೆಲಸವಾಯಿತು. ಎದ್ದ ಕೂಡಲೇ ಅಪ್ಪನ ಹಾಸಿಗೆ ಬದಲಿಸಬೇಕು, ಮೈ ಒರೆಸಬೇಕು, ಗಂಜಿ ಕುಡಿಸಬೇಕು, ರೊಟ್ಟಿ ಬಡಿಯಬೇಕು. ನಡುವೆ ಹಿತ್ತಲಿಗೆ ಓಡಿ, ಇಲ್ಲದ ಎತ್ತಿಗಾಗಿ ಒಂದು ಬಕೆಟ್ ನೀರು ಸುರಿದು ಗಂಟೆ ಅಲ್ಲಾಡಿಸಬೇಕು. ಹಗಲು ಅಪ್ಪನ ಬಳಿ ಕೂರುತ್ತಿದ್ದ ಪಕ್ಕದ ಮನೆಯ ಕಾಕಿಗೆ ಬಾಯಿ ಬಿಡಬೇಡ ಎಂದು ಹೇಳಿದ್ದೆ. ಅವಳು ಗೋಡೆಯ ಮೇಲಿಂದ ನೋಡಿ, ನಿನಗೆ ಮೊದಲು ದವಾಖಾನೆ ಬೇಕು ಎನ್ನುತ್ತಿದ್ದಳು. ಸುಳ್ಳಲ್ಲ.

ಸೋಮವಾರ ಬಂತು. ಬಸ್ಸಿನ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಹಿತ್ತಲಿಗೆ ಓಡಿ ಗಂಟೆ ಬಾರಿಸಿ, ಡಬ್ಬಿ ಕೈಯಲ್ಲಿ ಹಿಡಿದು ಹೊರಟೆ. ಇವತ್ತು ಯಾವ ವಾರ ಎಂದು ಅಪ್ಪ ಕೇಳಿದ. ಸೋಮವಾರ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ. ಬಸ್ಸು ಊರು ದಾಟಿದ ಮೇಲೆ ನೆನಪಾಯಿತು, ಸೋಮವಾರ ಗಂಟೆ ಬಾರಿಸುವಂತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ಹೇಗೆ ಮರೆತೆ?

ಶಾಲೆಯಲ್ಲಿ ಆವತ್ತು ಏನು ಕಲಿಸಿದೆನೋ ದೇವರೇ ಬಲ್ಲ. ಸಂಜೆ ಬಂದವಳೇ, ನಿನ್ನೆ ಗಂಟೆ ಬಿಚ್ಚುವುದನ್ನು ಮರೆತಿದ್ದೆ ಎಂದು ಇನ್ನೊಂದು ಸುಳ್ಳು ಜೋಡಿಸಿದೆ. ಅಪ್ಪ ಹೂಂ ಎಂದ. ಮಂಗಳವಾರ ಎಂದಿನಂತೆ ನೀರು ಕುಡಿಸಿದೆಯಾ ಎಂದು ಕೇಳಿದ. ಪಾರಾದೆ ಎಂದುಕೊಂಡೆ. ಆ ವಾರವೆಲ್ಲ ಬಾರಿಸಿದೆ.

ರವಿವಾರ ಸಂಜೆ ಬಟ್ಟೆ ಒಗೆದು, ಒಣಗಲು ಹಾಕಿ, ಗಂಟೆ ಬಿಚ್ಚಿದಂತೆ ಸಪ್ಪಳ ಮಾಡಲು ಹಿತ್ತಲಿಗೆ ಹೊರಟಿದ್ದೆ. ಅಪ್ಪ ಎಡಗೈ ಎತ್ತಿ ಕರೆದ.

"ಯಾರ ಮನ್ಯಾಗ ಐತಿ?"

ಇನ್ನು ಸುಳ್ಳು ಹೇಳಲು ನನ್ನಲ್ಲಿ ತ್ರಾಣ ಇರಲಿಲ್ಲ. ಅಡರಕಟ್ಟಿಯಲ್ಲಿದೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದೆ. ಅಪ್ಪನ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಬೈಯುತ್ತಾನೆಂದು ಕಾದೆ. ಬೈದರೆ ತಿರುಗಿ ಹೇಳಲು ಎಷ್ಟೋ ವರ್ಷಗಳ ಮಾತು ನನ್ನಲ್ಲಿತ್ತು. ಗೊತ್ತಾಗಿದ್ದರೆ ನೀನು ದಿನಾ ಯಾಕೆ ಕೇಳುತ್ತಿದ್ದೆ ಎಂದು ನಾನೇ ರೇಗಿದೆ. ನೀನು ಅಷ್ಟು ಕಷ್ಟಪಟ್ಟು ಬಾರಿಸುತ್ತಿದ್ದೆ, ಬೇಡ ಅನ್ನಲು ಬಾಯಿ ಬರಲಿಲ್ಲ ಎಂದ.

ಆಮೇಲೆ ಹತ್ತಿರ ಬಾ ಎಂದ. ಮಂಚದ ಅಂಚಿಗೆ ಕೂತೆ. ಎಡಗೈಯನ್ನು ನನ್ನ ಕುತ್ತಿಗೆಯ ಹಿಂದೆ, ಹೆಗಲು ಕೂಡುವ ಜಾಗಕ್ಕೆ ಇಟ್ಟು ಮೆಲ್ಲಗೆ ತಿಕ್ಕತೊಡಗಿದ. ಎಣ್ಣೆ ಒಂದಿರಲಿಲ್ಲ.

"ನಾಳಿ ಸೋಮವಾರ ಐತಿ. ಗಂಟಿ ಬಾರಸಬ್ಯಾಡ ಯವ್ವಾ. ಭಾಳ ದುಡದಿ. ನೀನೂ ಒಂದಿನ ಸುಮ್ನ ಕೂಡ್ರು."