ಮೂರು ಬಾಡಿಗೆ, ಒಂದು ಬಾವಿ

ಬಸ್ರೂರಿನ ಬಾವಿ ಉಪ್ಪಾಗಿದೆ ಎಂಬ ಸುದ್ದಿ ಬಂದಾಗ ರತ್ನ ಹಂಗಳೂರಿನ ಒಂದು ಮನೆಯ ಹಿಂಬಾಗಿಲಲ್ಲಿ ಕುಳಿತು ಬಂಗುಡೆ ಮೀನು ಎಣಿಸಿ ಹಾಕುತ್ತಿದ್ದಳು. ಏಪ್ರಿಲ್ ಎರಡನೆಯ ವಾರ. ಫೋನು ಮಾಡಿದವಳು ರತ್ನಳ ಬಸ್ರೂರಿನ ಮನೆಯಲ್ಲಿ ಬಾಡಿಗೆಗಿದ್ದ ನರ್ಸ್ ನಿಖಿತಾ.

"ರತ್ನಕ್ಕ, ಎರಡ್ ದಿನದಿಂದ ಚಾಕ್ಕೆ ಹಾಕಿದ್ ಹಾಲ್ ಒಡೀತಿತ್ತ್. ಹಾಲ್ ಹಳತ್ ಅಂದ್ಕಂಡೆ. ಇವತ್ತ್ ನೀರ್ ಬಾಯಿಗ್ ಹಾಕಿ ಕಂಡೆ. ಉಪ್ಪ್!"

"ಪಾತ್ರಿ ಸಮಾ ತೊಳಿಲಿಲ್ಲ ಕಾಣ್ತ್."

"ಪಾತ್ರಿ ಅಲ್ಲ ಮಾರಾಯ್ರೆ, ಬಾವಿ! ನೀವೇ ಬಂದ್ ಕಾಣಿ."

ಉಳಿದ ಮೀನನ್ನು ಅದೇ ಮನೆಯವರಿಗೆ ಸಿಕ್ಕ ಬೆಲೆಗೆ ಕೊಟ್ಟು ರತ್ನ ಬಸ್ಸು ಹತ್ತಿದಳು. ಬಾವಿಕಟ್ಟೆಯಲ್ಲಿ ನಿಂತು ಒಂದು ಬೊಗಸೆ ಕುಡಿದಳು. ಕಡಲ ಉಪ್ಪಲ್ಲ, ಬೇಸಿಗೆಯಲ್ಲಿ ಹೊಳೆಗೆ ಏರಿ ಬರುವ ಚಪ್ಪೆ ಉಪ್ಪು. ಗಂಟಲಲ್ಲಿ ಇಳಿಯದೆ ನಿಂತಿತು.

ರತ್ನಳಿಗೆ ನಲವತ್ತೆಂಟು. ಇಪ್ಪತ್ತಕ್ಕೆ ಮದುವೆಯಾಗಿ ಕುಂದಾಪುರದ ಪಕ್ಕದ ಕೋಡಿ ಎಂಬ ಊರಿಗೆ ಬಂದವಳು, ಆ ವರ್ಷವೇ ಮೀನಿನ ಬುಟ್ಟಿ ಹೊತ್ತಳು. ಗಂಡ ಐತ ಬೋಟಿಗೆ ಹೋಗುತ್ತಿದ್ದ. ಹಗ್ಗ ತುಂಡಾಗಿ ಮೊಣಕಾಲಿಗೆ ಬಡಿದ ಮೇಲೆ ಅಂಗಳದಲ್ಲಿ ಕುಳಿತು ಬಲೆ ಹೆಣೆಯುತ್ತಾನೆ. ಮಗಳನ್ನು ಬೈಂದೂರಿಗೆ ಮದುವೆ ಮಾಡಿ ಕೊಟ್ಟ ವರ್ಷ ರತ್ನಳ ಭುಜ ನೋಯತೊಡಗಿತು. ಬುಟ್ಟಿ ಇಳಿಸಿದರೆ ಊಟಕ್ಕೇನು ಎಂದು ಯೋಚಿಸಿ, ಸ್ವಸಹಾಯ ಸಂಘದ ದುಡ್ಡು, ಎರಡು ಬಳೆ, ಸೊಸೈಟಿಯ ಸಾಲ ಸೇರಿಸಿ ಕೋಟೇಶ್ವರದಲ್ಲಿ ಎರಡು ಕೋಣೆಯ ಹಳೆ ಮನೆ ತೆಗೆದುಕೊಂಡಳು. ಹಂಚು ಇಳಿಸಿ, ತೊಳೆದು, ಒಡೆದವನ್ನು ಬದಲಿಸಿ ಮತ್ತೆ ಹೊದಿಸಿದಳು. ಹಿಂದೆ ಒಂದು ಬಚ್ಚಲು ಕಟ್ಟಿಸಿದಳು. ಗಾರೆಯವನು ಸಿಮೆಂಟು ಕಲಸುವಾಗ ಹತ್ತಿರ ನಿಂತು ಮರಳಿನ ಬುಟ್ಟಿಯ ಲೆಕ್ಕ ಹಿಡಿದಳು. ಮೊದಲ ತಿಂಗಳ ಬಾಡಿಗೆ ಬಂದ ದಿನ ಐತ, "ಎಂತ ಮಾರಾಯ್ತಿ, ಇನ್ ನಿನ್ನ ಒಡ್ತಿ ಅಂಬ್ಕಾ?" ಎಂದು ನಕ್ಕಿದ್ದ.

ಅದೇ ಧೈರ್ಯದಲ್ಲಿ ಬಸ್ರೂರಿನ ಮನೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ಸ್ನೇಹಲತಮ್ಮನವರದು. ಅವರು ಊರಲ್ಲಿದ್ದಷ್ಟು ವರ್ಷ ರತ್ನ ವಾರಕ್ಕೆರಡು ಸಲ ಅಲ್ಲಿಗೆ ಮೀನು ಕೊಟ್ಟವಳು. ಸೊಸೈಟಿಯವರು, ಬರೀ ಹಳೆ ಹಂಚಿನ ಮನೆಯ ಮೇಲೆ ಇಷ್ಟು ದೊಡ್ಡ ಸಾಲ ಆಗುವುದಿಲ್ಲ, ಕೋಟೇಶ್ವರದ ಮನೆಯನ್ನೂ ಅಡವಿಡಿ ಎಂದರು. ಇಟ್ಟಳು. ಕೆಂಪುಕಲ್ಲಿನ ಗೋಡೆ ಗಟ್ಟಿಯಿತ್ತು. ನಡುವೆ ಎರಡು ಅಡ್ಡಗೋಡೆ ಎಬ್ಬಿಸಿ, ಮೂರು ಅಡುಗೆಕೋಣೆ, ಮೂರು ಬಚ್ಚಲು ಮಾಡಿ, ಮೂರು ಪಾಲಿಗೆ ಬಾಡಿಗೆಗೆ ಕೊಟ್ಟಳು. ಒಂದರಲ್ಲಿ ನಿಖಿತಾ ಮತ್ತು ಅವಳ ಮೂರು ವರ್ಷದ ಮಗಳು ತೃಷಾ, ಇನ್ನೊಂದರಲ್ಲಿ ನಿವೃತ್ತ ಮಾಸ್ಟ್ರು ಮತ್ತು ಅವರ ಹೆಂಡತಿ, ಮೂರನೆಯದರಲ್ಲಿ ಮೊಬೈಲ್ ಅಂಗಡಿಯ ಪ್ರಖ್ಯಾತ್. ತಲಾ ನಾಲ್ಕೂವರೆ ಸಾವಿರ. ಸೊಸೈಟಿಯ ಕಂತು ಹನ್ನೆರಡು ಸಾವಿರದ ಎಂಟುನೂರು. ಕೋಟೇಶ್ವರದ ಬಾಡಿಗೆ ಮನೆಖರ್ಚಿಗೇ ಸರಿ, ಇಲ್ಲಿ ಒಂದು ಪಾಲು ಖಾಲಿ ಬಿದ್ದರೆ ಕಂತು ತಪ್ಪುತ್ತದೆ. ಕಂತು ತಪ್ಪುತ್ತ ಹೋದರೆ ಈ ಮನೆಯ ಜೊತೆ ಕೋಟೇಶ್ವರದ್ದೂ ಹೋಗುತ್ತದೆ.

ಕಾಗದಪತ್ರವನ್ನು ವಕೀಲರು ನೋಡಿದ್ದರು. ಗೋಡೆಯನ್ನು ಗಾರೆಯವನು ತಟ್ಟಿ ನೋಡಿದ್ದ. ನೀರನ್ನು ಯಾರೂ ನೋಡಿರಲಿಲ್ಲ. ಕೊಂಡದ್ದು ನವೆಂಬರಿನಲ್ಲಿ, ಆಗ ಎಲ್ಲ ಬಾವಿಯೂ ಸಿಹಿಯೇ. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ನೀರಿನ ಬಗ್ಗೆ ರತ್ನಳಿಗೆ ಸಂಶಯ ಬರುವ ಹಾಗೇ ಇರಲಿಲ್ಲ. ಎಷ್ಟು ಬೇಸಿಗೆಗಳಲ್ಲಿ, ಬುಟ್ಟಿ ಇಳಿಸಿದ ಕೂಡಲೇ, ಸ್ನೇಹಲತಮ್ಮ ಒಂದು ತುಂಡು ಬೆಲ್ಲ, ಒಂದು ಚೆಂಬು ತಣ್ಣನೆಯ ನೀರು ತಂದು ಕೊಟ್ಟಿದ್ದರು! ಎಳನೀರಿನಂಥ ನೀರು.

ಬಾವಿಕಟ್ಟೆಯಲ್ಲೇ ನಿಂತು ಮುಂಬಯಿಗೆ ಫೋನು ಹಚ್ಚಿದಳು.

"ಅಯ್ಯೋ ರತ್ನ, ನಿಂಗ್ ಕೊಡುದ್ ಆ ಬಾವಿ ನೀರಲ್ದೇ! ಬೇಸ್ಗಿಲ್ ಕುಡುಕೆ ನಾವ್ ಮಂಜಯ್ಯನವ್ರ ಬಾವಿದ್ ತಂದ್ಕಂಬುದ್. ನಿಂಗ್ ಗೊತ್ತಿಲ್ಯಾ?"

"ಇಲ್ಲ ಅಮ್ಮ. ನಂಗ್ಯಾರ್ ಹೇಳ್ತ್ರ್?"

"ಊರಿಗೇ ಗೊತ್ತಿತ್ತಲೆ! ನೀನ್ ಕೇಂಡಿದ್ರೆ ಹೇಳ್ತಿದ್ದೆ."

ಅವರ ದನಿಯಲ್ಲಿ ಮೋಸವಿರಲಿಲ್ಲ. ರತ್ನಳಿಗೆ ಸಿಟ್ಟು ಮಾಡಲೂ ಏನೂ ಸಿಗಲಿಲ್ಲ. ಫೋನು ಸೆರಗಿಗೆ ಸಿಕ್ಕಿಸಿಕೊಂಡು ಪಕ್ಕದ ಹಿತ್ತಿಲಿಗೆ ನಡೆದಳು.

ಮಂಜಯ್ಯನವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಪೈಪು ಎಳೆದು ಸಣ್ಣ ಪಂಪು ಇಡುತ್ತೇನೆ, ಕರೆಂಟು ತನ್ನದೇ ಎಂದಳು ರತ್ನ.

"ಪಂಪಿನ್ ಮಾತ್ ತೆಗಿಬೇಡ ಹೆಣೆ. ಹಿಂದೆ ನಮ್ಮಣ್ಣ ಇಟ್ಟಿದ್ದ. ಒಂದೇ ಬೇಸ್ಗಿ. ಜೋರ್ ಎಳ್ದ್ರೆ ಹೊಳಿನೀರ್ ಒಳ್ಗ್ ಬತ್ತ್. ಮತ್ ಸಿಹಿ ಆಪ್ಕೆ ಮೂರ್ ಮಳ್ಗಾಲ ಬೇಕಾಯ್ತ್. ಕುಡುಕೆ ಬೇಕಾರೆ ಕೈಯಾಗ್ ಸೇದ್ಕಂಡ್ ಹೋಯ್ನಿ. ನಮ್ಮನ್ಯಗೂ ಕೈಯಾಗೇ ಸೇದುದ್."

ಒಳಗಿನಿಂದ ಸೊಸೆ ಅಮಿತಾಳ ದನಿ ಬಂತು. "ಹೌದ್ ರತ್ನಕ್ಕ, ಮಾವ ಹೇಳುದ್, ನಾನ್ ಸೇದುದ್!"

ಮಂಜಯ್ಯನವರು ಪೇಪರಿನ ಮುಂದಿನ ಹಾಳೆ ತಿರುವಿದರು.

ಸಂಜೆ ಮೂರೂ ಪಾಲಿನವರನ್ನು ಜಗಲಿಯಲ್ಲಿ ಕೂರಿಸಿ ರತ್ನ ವಿಷಯ ಹೇಳಿದಳು. ಮಾಸ್ಟ್ರ ಹೆಂಡತಿ ತಮ್ಮ ಮೊಣಕಾಲು ನೋಡಿಕೊಂಡರು. ನಿಖಿತಾ, "ನೈಟ್ ಡ್ಯೂಟಿ ಮುಗ್ಸ್ ಬಂದ್, ಈ ಹೆಣ್ಣನ್ನ ಕಂಕ್ಳಲ್ ಇಟ್ಕಂಡ್ ನೀರ್ ಸೇದುದಾ? ಬೇರೆ ಮನಿ ಕಾಂತೆ ರತ್ನಕ್ಕ, ಬೇಜಾರ್ ಮಾಡ್ಬೇಡಿ" ಎಂದಳು. ಪ್ರಖ್ಯಾತ್ ನಕ್ಕ. "ನಾನ್ ಬಾವಿಹಗ್ಗ ಮುಟ್ಟಿದ್ ಜನ್ಮದಲ್ಲೇ ಇಲ್ಲ."

"ನೀವ್ಯಾರೂ ಸೇದುಕಿಲ್ಲ," ಎಂದಳು ರತ್ನ. "ಮಳಿ ಬಪ್ಪ ತನ್ಕ ನಾನೇ ಸೇದಿ ಬಾಗ್ಲಿಗ್ ತಂದ್ ಇಡ್ತೆ."

ಮರುದಿನದಿಂದ ಕುಂದಾಪುರದಿಂದ ಬಸ್ರೂರಿಗೆ ಮೊದಲ ಬಸ್ಸು. ಪಾಲಿಗೆ ನಾಲ್ಕರಂತೆ ಹನ್ನೆರಡು ಕೊಡಪಾನ. ಮಂಜಯ್ಯನವರ ಬಾವಿಯಿಂದ ಬೇಲಿಯ ದಣಪೆ ದಾಟಿ ಕೊನೆಯ ಬಾಗಿಲಿಗೆ ಎಪ್ಪತ್ತು ಹೆಜ್ಜೆ. ಮಿಂದು ತೊಳೆಯುವುದಕ್ಕೆ ಉಪ್ಪುನೀರೇ. ಸೋಪು ನೊರೆ ಬರುವುದಿಲ್ಲ ಎಂಬ ದೂರನ್ನು ಅವಳು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ಮುಗಿಸಿ ಕುಂದಾಪುರದ ಮಾರ್ಕೆಟ್ಟು ಮುಟ್ಟುವಾಗ ಒಳ್ಳೆಯ ಮೀನೆಲ್ಲ ಹೋಗಿ ಮೆತ್ತಗಾದದ್ದು ಉಳಿದಿರುತ್ತಿತ್ತು. ಎರಡು ವಾರ ಅದನ್ನೇ ಹೊತ್ತು ಮಾರಿ ಬೈಸಿಕೊಂಡಳು. ಆಮೇಲೆ ಬುಟ್ಟಿ ಹೊರುವುದನ್ನೇ ಬಿಟ್ಟಳು. ಮನೆ ಕೊಂಡದ್ದು ಬುಟ್ಟಿ ಇಳಿಸಲಿಕ್ಕೇ ತಾನೇ. ಇಳಿಯಿತು. ಭುಜಕ್ಕೆ ಮಾತ್ರ ಆ ಸುದ್ದಿ ತಲುಪಲಿಲ್ಲ. ರಾತ್ರಿ ಐತ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದ, ಅವಳು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು.

ಇಷ್ಟಾಗಿಯೂ ಪ್ರಖ್ಯಾತ್ ಉಪ್ಪುನೀರಲ್ಲಿ ಮಿಂದು ಸಾಕಾಗಿ ಏಪ್ರಿಲ್ ಕೊನೆಗೆ ಖಾಲಿ ಮಾಡಿದ. ಅವನ ಅಡ್ವಾನ್ಸ್ ಹಿಂದೆ ಕೊಟ್ಟು, ಮೇ ಕಂತು ಕಟ್ಟುವಾಗ ರತ್ನಳ ಕಿವಿಯ ಓಲೆಯೂ ಸೊಸೈಟಿಗೇ ಹೋಯಿತು. ಜೂನಿಗೆ ಒತ್ತೆ ಇಡಲು ಏನೂ ಉಳಿದಿರಲಿಲ್ಲ.

ಮೇ ಕೊನೆಯಲ್ಲಿ ಮನೆ ಕೇಳಿಕೊಂಡು ಫೋನು ಬಂತು. ರಿಕ್ಷಾ ಓಡಿಸುವ ಜಿತೇಂದ್ರ, ಹೆಂಡತಿ ಚಂದನಾ, ಬಿಜೂರಿನ ಕಡೆಯವರು.

"ಮಳಿ ಹಿಡ್ದ್ ಮೇಲೆ ತೋರ್ಸ್, ಆಗ ನೀರ್ ಸಿಹಿ ಆತ್ತ್," ಎಂದ ಐತ.

"ಮಳಿ ಹಿಡುವತ್ತಿಗೆ ಅವ್ರ್ ಬೇರೆ ಮನ್ಯಗ್ ಒಲಿ ಹಚ್ಚಿರ್ತ್ರ್."

"ಹಾಂಗಾರೆ ನೀರಿನ್ ಸುದ್ದಿ ಎತ್ತಬೇಡ."

ಎತ್ತಬಾರದೆಂದೇ ಹೋಗಿದ್ದಳು. ಆದರೆ ಹನ್ನೆರಡರ ಬದಲು ಎಂಟೇ ಕೊಡಪಾನ ಹೊತ್ತಿದ್ದರೂ ಆ ದಿನ ಅವಳ ಕೈ ಮೇಲೇಳುತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಇನ್ನೊಬ್ಬರು ಫೋನು ಮಾಡಿ "ಉಪ್ಪ್!" ಎನ್ನುವುದನ್ನು ನೆನೆದರೇ ಸುಸ್ತಾಯಿತು. ಬೀಗ ತೆಗೆಯುವ ಮೊದಲೇ, "ಕೋಣೆ ಆಮೇಲ್ ಕಾಣಿ, ಮೊದ್ಲ್ ಬಾವಿ ಕಾಣಿ," ಎಂದುಬಿಟ್ಟಳು.

ಚಂದನಾ ಸೇದಿ, ಬಾಯಿಗೆ ಹಾಕಿ, ಉಗಿದಳು. "ನಮ್ಮ ಬದಿಗೂ ಹೀಂಗೇ. ಎರಡ್ ತಿಂಗ್ಳಾ?"

"ಎರಡ್. ಕುಡುಕೆ ಆ ಆಚಿ ಬಾವಿದ್, ಕೈಯಾಗೇ ಸೇದ್ಕ್. ಇವ್ರಿಗೆಲ್ಲ ನಾನೇ ತಂದ್ ಕೊಡುದ್."

ಚಂದನಾ ದಣಪೆಯತ್ತ ನೋಡಿದಳು, ರತ್ನಳ ಭುಜವನ್ನೂ ನೋಡಿದಳು. "ನಮ್ಗ್ ತಂದ್ ಕೊಡುದ್ ಬ್ಯಾಡ. ನಾನ್ ಸೇದ್ಕಂತೆ. ಬಾಡ್ಗಿಲ್ ಸಾವ್ರ ಕಮ್ಮಿ ಮಾಡಿ."

"ಸಾವ್ರವಾ! ಗ್ವಾಡಿ ಕಾಣಿ, ಹೊಸ ಬಚ್ಚಲ್ ಕಾಣಿ. ಮುನ್ನೂರ್."

"ಗ್ವಾಡಿ ಕುಡುಕೆ ಆತ್ತಾ ಅಕ್ಕ?"

ಜಿತೇಂದ್ರ ನಗು ತಡೆಯಲು ರಿಕ್ಷಾದತ್ತ ತಿರುಗಿದ. ಕೊನೆಗೆ ಆರುನೂರು ಕಡಿಮೆಗೆ ಮಾತು ಕುದುರಿತು. ಮೂರು ಸಾವಿರದ ಒಂಬೈನೂರು. ರತ್ನ ಮನಸ್ಸಿನಲ್ಲೇ ಕೂಡಿಸಿದಳು, ಕಂತು ಕಟ್ಟಿ ನೂರು ರೂಪಾಯಿ ಉಳಿಯುತ್ತದೆ. ಕೋಟೇಶ್ವರದ ಮನೆ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಬಹಳ ದಿನಗಳ ಮೇಲೆ ಒಂದು ಉದ್ದ ಉಸಿರು ಬಿಟ್ಟಳು.

ಪಕ್ಕದ ಬಾಗಿಲಲ್ಲಿ ನಿಖಿತಾ ತೃಷಾಳ ತಲೆ ಬಾಚುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ರತ್ನಕ್ಕ, ನನ್ ಪಾಲಿಂದ್ ನಾನೇ ಸೇದ್ಕಂಡ್ರೆ ನಂಗೂ ಆರ್ನೂರ್ ಕಮ್ಮಿಯಾ?"

ರತ್ನ ಮತ್ತೆ ಲೆಕ್ಕ ಹಾಕಿದಳು. ಕಂತಿಗೆ ಐನೂರು ಕಡಿಮೆ ಬೀಳುತ್ತಿತ್ತು.

"ನೀನ್ ಡ್ಯೂಟಿಗ್ ಹೋಪವ್ಳ್, ಸುಮ್ನಿರ್," ಎನ್ನುತ್ತ ಅವಳು ಎದ್ದಳು. "ನಿಂಗ್ ನಾನೇ ತಂದ್ ಕೊಡ್ತೆ. ಕೊಡಪಾನ ಖಾಲಿ ಆಯಿತ್ತಾ? ಕೊಡ್ ಇಲ್ಲಿ."