ಮುತ್ತುವಿನ ಕುತ್ತಿಗೆಗೆ ನಾನು ಚುಚ್ಚಿದ ಸೂಜಿ

ಮುತ್ತುವಿನ ಕುತ್ತಿಗೆಯಲ್ಲಿ ಕೀವು ತುಂಬಿದ್ದು ಡಾಕ್ಟರು ಕೊಟ್ಟ ಲಸಿಕೆಯಿಂದಲ್ಲ. ನಾನು ಚುಚ್ಚಿದ ಸೂಜಿಯಿಂದ. ಈ ಒಂದು ಮಾತನ್ನು ಏಳೆಂಟು ವರ್ಷ ಬಾಯೊಳಗೇ ಇಟ್ಟುಕೊಂಡು ತಿರುಗಿದವನು ನಾನು. ಹಾಗೆ ಇಟ್ಟುಕೊಂಡದ್ದರಿಂದ ಒಬ್ಬ ಒಳ್ಳೆಯ ಡಾಕ್ಟರು ಕುದುರೆಗಳನ್ನು ಮುಟ್ಟುವುದನ್ನೇ ಬಿಟ್ಟರು, ಮತ್ತೊಬ್ಬರ ಕುದುರೆ ಸತ್ತಿತು.

ನಾನು ಯಶೋಧರ, ಸುರತ್ಕಲ್ಲಿನವನು. ಹರೆಯದಲ್ಲಿ ಗಲ್ಫಿಗೆ ಹೋಗಿ ಅಲ್ಲಿಯ ಶ್ರೀಮಂತರೊಬ್ಬರ ಕುದುರೆ ಲಾಯದಲ್ಲಿ ಕೆಲಸ ಮಾಡಿದೆ. ಮೈ ತಿಕ್ಕುವುದು, ಲಾಳ ನೋಡುವುದು, ಡಾಕ್ಟರು ಬಂದಾಗ ಕುದುರೆಯನ್ನು ಹಿಡಿದು ನಿಲ್ಲುವುದು. ಊರಿಗೆ ಮರಳಿದ ಮೇಲೆ ಮುತ್ತು ಎಂಬ ಬಿಳಿಯ ಹೆಣ್ಣು ಕುದುರೆಯನ್ನು ಕೊಂಡುತಂದೆ. ಮದುವೆ ದಿಬ್ಬಣಕ್ಕೆ ಕೊಂಡೊಯ್ಯುತ್ತಿದ್ದೆ. ಬಿಡುವಿದ್ದಾಗ ಮಕ್ಕಳಿಗೆ ಸವಾರಿ ಕಲಿಸುತ್ತಿದ್ದೆ. ಕುದುರೆಯ ವಿಷಯದಲ್ಲಿ ಈ ಊರಿನಲ್ಲಿ ನನ್ನಷ್ಟು ತಿಳಿದವರು ಇಲ್ಲ ಎಂಬ ಭಾವನೆ ನನಗಿತ್ತು. ಜನರೂ ಹಾಗೆಯೇ ಅನ್ನುತ್ತಿದ್ದರು.

ಮುತ್ತುವಿಗೆ ವರ್ಷಕ್ಕೊಮ್ಮೆ ಧನುರ್ವಾಯುವಿನ ಲಸಿಕೆ ಹಾಕಲು ನಗರದ ಬಿಜೈಯಿಂದ ಪಶುವೈದ್ಯೆ ಐರಿನ್ ಡಾಕ್ಟರು ಬರುತ್ತಿದ್ದರು. ಆಗ ಅವರಿಗೆ ಮೂವತ್ತೈದರ ಒಳಗಿನ ಪ್ರಾಯ. ನಾಯಿ, ಬೆಕ್ಕು ನೋಡುವ ಡಾಕ್ಟರುಗಳು ನಗರದಲ್ಲಿ ಬೇಕಾದಷ್ಟು ಇದ್ದರೂ ಕುದುರೆಗೆಂದು ಕರೆದರೆ ಸಂತೋಷದಿಂದ ಬರುತ್ತಿದ್ದವರು ಅವರೊಬ್ಬರೇ. ಆ ಸಲವೂ ಬಂದರು, ಕುತ್ತಿಗೆಯ ಎಡಬದಿಯನ್ನು ಒರೆಸಿ ಶುಚಿ ಮಾಡಿ ಲಸಿಕೆ ಹಾಕಿದರು.

“ಯಶೋಧರಣ್ಣ, ಸ್ವಲ್ಪ ಊತ ಬರ್ಬಹುದು. ಹೆದರ್ಬೇಡಿ, ಅದಾಗಿಯೇ ಇಳೀತದೆ. ತಣ್ಣೀರಿನ ಬಟ್ಟೆ ಇಡಿ ಸಾಕು. ಎರಡು ದಿನ ಮಾತ್ರ ಕೆಲಸಕ್ಕೆ ಕೊಂಡ್ಹೋಗ್ಬೇಡಿ.”

“ಆಯ್ತು ಡಾಕ್ಟ್ರೇ” ಎಂದೆ. ಮರುದಿನ ಬೋಳಾರದಲ್ಲಿ ಒಂದು ದಿಬ್ಬಣಕ್ಕೆ ಒಪ್ಪಿಕೊಂಡಿರುವುದನ್ನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಲಸಿಕೆ ಹಾಕಿದಲ್ಲಿ ಅಂಗೈಯಗಲ ಊತ. ಮುತ್ತು ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿತ್ತು. ಡಾಕ್ಟರು ಹೇಳಿದಂಥ ಊತವೇ, ಬಿಟ್ಟಿದ್ದರೆ ಇಳಿಯುತ್ತಿತ್ತು. ದಿಬ್ಬಣದವರಿಗೆ ಫೋನು ಮಾಡಿ ಆಗುವುದಿಲ್ಲ ಎನ್ನಬಹುದಿತ್ತು — ಬೈಯುತ್ತಿದ್ದರು, ಅಷ್ಟೇ. ಆದರೆ ಗಲ್ಫಿನ ಲಾಯದಲ್ಲಿ ನೋವಿನ ಇಂಜೆಕ್ಷನ್ ಕೊಡುವುದನ್ನು ಎಷ್ಟೋ ಸಲ ನೋಡಿದ್ದೆನಲ್ಲ. ಹಿಂದೊಮ್ಮೆ ತಂದು ಉಳಿದಿದ್ದ ಔಷಧಿ ಕಪಾಟಿನಲ್ಲಿತ್ತು. ಬಳಸಿದ ಸಿರಿಂಜು, ಸೂಜಿಯೂ ಅದರ ಜೊತೆಗೇ ಇತ್ತು. ಬಿಸಿನೀರಿನಲ್ಲಿ ತೊಳೆದೆ. ಕುದಿಸಲಿಲ್ಲ. ಕುತ್ತಿಗೆಯ ಮೇಲಿನ ಧೂಳನ್ನು ಕೈಯಲ್ಲಿ ಕೊಡವಿ, ಊತದ ಪಕ್ಕದಲ್ಲೇ ಚುಚ್ಚಿದೆ.

ಸ್ವಲ್ಪ ಹೊತ್ತಿನಲ್ಲಿ ಮುತ್ತು ಚೇತರಿಸಿಕೊಂಡಂತೆ ಕಂಡಿತು. ಹಣೆಗೆ ಜರಿಪಟ್ಟಿ ಕಟ್ಟಿ, ವಾಹನಕ್ಕೆ ಹತ್ತಿಸಿ ಬೋಳಾರಕ್ಕೆ ಕೊಂಡೊಯ್ದೆ. ವಾದ್ಯದ ಹಿಂದೆ ಅದು ಮದುಮಗನನ್ನು ಹೊತ್ತು ನಡೆಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು — ಇದನ್ನೂ ಹೇಳಿಬಿಡಬೇಕು.

ಒಂದು ವಾರದೊಳಗೆ ಊತ ತೆಂಗಿನಕಾಯಿಯ ಗಾತ್ರಕ್ಕೆ ಬೆಳೆಯಿತು. ಮೈ ಸುಡುತ್ತಿತ್ತು. ನೆಲದ ಹುಲ್ಲಿಗೆ ತಲೆ ಬಗ್ಗಿಸಲಾಗದೆ ಮುತ್ತು ಹಸಿದು ನಿಲ್ಲುತ್ತಿತ್ತು; ಹುಲ್ಲನ್ನು ಅದರ ಮೂತಿಯ ಎತ್ತರಕ್ಕೆ ಕಟ್ಟಿಕೊಟ್ಟೆ. ಐರಿನ್ ಡಾಕ್ಟರು ಓಡಿಬಂದರು. ಗಡ್ಡೆಯನ್ನು ಮುಟ್ಟಿ ನೋಡಿ, ನನ್ನ ಮುಖ ನೋಡಿದರು.

“ನಾನು ಹಾಕಿದ ಮೇಲೆ ಬೇರೆ ಎಂತಾದ್ರೂ ಚುಚ್ಚಿದ್ದೀರಾ?”

“ಇಲ್ಲ ಡಾಕ್ಟ್ರೇ.”

ಅಷ್ಟೇ. ಅವರು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆನೇ — ಗೊತ್ತಿಲ್ಲ. ಹೇಳುತ್ತಿರಲಿಲ್ಲವೆಂದೇ ಈಗ ಅನಿಸುತ್ತದೆ.

ಅವರು ಗಡ್ಡೆಯನ್ನು ಕೊಯ್ದು ಕೀವು ತೆಗೆದರು. ಗಾಯ ಮಾಯುವವರೆಗೆ ದಿನವೂ ಬಿಜೈಯಿಂದ ಬಂದು ತೊಳೆದು ಹೋದರು. ಕೈ ಒರೆಸಿಕೊಳ್ಳುತ್ತಾ ಒಮ್ಮೆ ಹೇಳಿದರು, “ನನ್ನ ಕೈಯಿಂದ್ಲೇ ಹೀಗಾಯ್ತಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಾ ಇಲ್ಲ.” ನಾನು ಬಾಲ್ದಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಒಬ್ಬರಿಗೆ ಮಾಡಿದ ಅನ್ಯಾಯವಾಗುತ್ತಿತ್ತು. ಆದರೆ ಜನ ಕೇಳುತ್ತಾರೆ. ಕುದುರೆಗೆ ಎಂತಾಯ್ತು ಎಂದು ಕೇಳಿದವರಿಗೆಲ್ಲ, “ಲಸಿಕೆ ಹಾಕಿಸಿದ್ದೇ ತಪ್ಪಾಯ್ತು” ಎಂದೆ. ಹಾಗೆ ಕೇಳಿದವರಲ್ಲಿ ಇಸ್ಮಾಯಿಲ್ ಕಾಕನೂ ಒಬ್ಬರು.

ಇಸ್ಮಾಯಿಲ್ ಕಾಕ ಪಣಂಬೂರಿನ ಬೀಚಿನಲ್ಲಿ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಡೆಸುತ್ತಿದ್ದರು. ಸುಲ್ತಾನ್ ಎಂಬ ಕಂದು ಬಣ್ಣದ ಗಿಡ್ಡ ಕುದುರೆ. ಎಷ್ಟು ಸಾಧುವೆಂದರೆ ಮಗು ಅತ್ತರೆ ತಾನಾಗಿಯೇ ನಿಲ್ಲುತ್ತಿತ್ತು. ಕಾಕ ನನ್ನನ್ನು ನಂಬಿದ್ದರು.

“ಸುಲ್ತಾನನಿಗೆ ಲಸಿಕೆ ಹಾಕಿಸುವ ಸಮಯ ಆಯ್ತು. ಹಾಕಿಸ್ಬೇಕಾ, ಹೇಗೆ ಮಾರಾಯ?”

“ನನ್ನ ಮುತ್ತುವಿನ ಕುತ್ತಿಗೆ ನೋಡಿದ್ರಲ್ಲ ಕಾಕ” ಎಂದೆ. ಬೇಡ ಎಂದು ನಾನು ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಅವರು ಹಾಕಿಸಲಿಲ್ಲ. ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಮರಳಿನಲ್ಲಿದ್ದ ಮುರಿದ ದೋಣಿಯ ಹಲಗೆಯ ಮೊಳೆ ಸುಲ್ತಾನನ ಗೊರಸಿಗೆ ಹೊಕ್ಕಿತು. ಕಾಕ ಮೊಳೆ ಕಿತ್ತು ಮದ್ದು ಹಚ್ಚಿದರು. ಗಾಯವೇನೋ ಒಣಗಿತು. ಆಮೇಲೆ ಕುದುರೆಯ ಕಿವಿ ಸೆಟೆದು ನಿಂತಿತು, ಬಾಲ ನಿಗುರಿತು, ದವಡೆ ಕಚ್ಚಿಕೊಂಡಿತು — ಧನುರ್ವಾಯು. ಕಾಕ ನನಗೆ ಫೋನು ಮಾಡಿದರು. ನಾನು ಐರಿನ್ ಡಾಕ್ಟರಿಗೆ ಮಾಡಿದೆ. ಅವರು ಕೊಟ್ಟಿಗೆಗೆ ಗೋಣಿ ಕಟ್ಟಿಸಿ ಕತ್ತಲೆ ಮಾಡಿಸಿದರು, ತಮಗೆ ಗೊತ್ತಿದ್ದ ಔಷಧಿಗಳನ್ನೆಲ್ಲ ಕೊಟ್ಟರು. ಯಾರಾದರೂ ಕೆಮ್ಮಿದರೂ ಸುಲ್ತಾನನ ಇಡೀ ಮೈ ನಡುಗುತ್ತಿತ್ತು. ಕೊನೆಗೆ ಬಿದ್ದುಬಿಟ್ಟಿತು, ಏಳಲಿಲ್ಲ.

ಡಾಕ್ಟರು ಮೆಲ್ಲಗೆ, “ಲಸಿಕೆ ಒಂದು ಹಾಕಿಸಿದ್ರೆ...” ಎಂದರು.

ಕಾಕ ಸಿಟ್ಟಿನಿಂದ ತಿರುಗಿದರು. “ನಿಮ್ಮ ಲಸಿಕೆಗೆ ಹೆದರಿಯೇ ಹಾಕಿಸ್ಲಿಲ್ಲ ನಾನು! ಇವನ ಕುದುರೆಯನ್ನು ಎಂತ ಮಾಡಿ ಹಾಕಿದ್ರಿ ನೀವು? ನಿಮ್ಮನ್ನು ನಂಬಿ ಯಾರು ಹಾಕಿಸ್ಬೇಕು?”

ಡಾಕ್ಟರು ಬಗ್ಗಿ ತಮ್ಮ ಔಷಧಿಗಳನ್ನು ಚೀಲಕ್ಕೆ ತುಂಬತೊಡಗಿದರು. ನಾನು ಅವರಿಬ್ಬರಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಸರಿಯಾದ ಗಳಿಗೆ ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು — ಆದರೂ ಸತ್ತ ಕುದುರೆಯನ್ನು ನೋಡುತ್ತಾ ಸುಮ್ಮನೆ ನಿಂತೆ.

ಮುತ್ತು ಈಗಿಲ್ಲ, ವಯಸ್ಸಾಗಿ ಹೋಯಿತು. ಅದಕ್ಕೆ ಮತ್ತೆ ಲಸಿಕೆ ಹಾಕಲು ಐರಿನ್ ಡಾಕ್ಟರನ್ನು ಕರೆಯುವ ಮುಖ ನನಗಿರಲಿಲ್ಲ. ಈ ವರ್ಷ ಹೊಸ ಕುದುರೆ ತಂದಾಗ ಲಸಿಕೆಗೆಂದು ಬಿಜೈಯ ಕ್ಲಿನಿಕ್ಕಿಗೆ ಹೋದೆ. ಐರಿನ್ ಡಾಕ್ಟರ ಕೂದಲು ಅಲ್ಲಲ್ಲಿ ನರೆತಿತ್ತು.

“ಕುದುರೆಗೆ ಸೂಜಿ ಹಿಡಿಯುವುದು ಬಿಟ್ಟಿದ್ದೇನೆ ಯಶೋಧರಣ್ಣ. ನಿಮ್ಮ ಮುತ್ತು, ಮತ್ತೆ ಆ ಸುಲ್ತಾನ್, ಅದರ ನಂತರ ಕೈ ಬರೂದಿಲ್ಲ” ಎಂದು ನಕ್ಕರು. ಆ ನಗುವಿನಲ್ಲಿ ನನ್ನ ಮೇಲೆ ಸ್ವಲ್ಪವೂ ಸಿಟ್ಟಿರಲಿಲ್ಲ. ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಗ್ಲೌಸ್ ತೆಗೆದು ಮೇಜಿನ ಮೇಲಿಟ್ಟರು. ಯಾವ ಔಷಧಿ, ಎಲ್ಲಿಗೆ ಚುಚ್ಚಿದೆ, ಎಷ್ಟು ಆಳಕ್ಕೆ ಎಂದು ಒಂದೊಂದಾಗಿ ಕೇಳಿದರು. ಬೈಯಲಿ ಎಂದು ನಾನು ಕಾದೆ.

“ಇಸ್ಮಾಯಿಲ್ ಅವರಿಗೆ ಗೊತ್ತುಂಟಾ?”

“ಇಲ್ಲ.”

“ಮತ್ತೆ ನನ್ನೆದುರು ಯಾಕೆ ಕೂತಿದ್ದೀರಿ?” ಎಂದು ಎದ್ದು, ಹೊರಗೆ ನಾಯಿಯೊಂದಿಗೆ ಕಾಯುತ್ತಿದ್ದವರನ್ನು ಒಳಗೆ ಕರೆದರು.

ಇಸ್ಮಾಯಿಲ್ ಕಾಕ ಸುಲ್ತಾನ್ ಸತ್ತ ಮೇಲೆ ಕುದುರೆ ಸಾಕಲಿಲ್ಲ. ಅದೇ ಬೀಚಿನಲ್ಲಿ ಚರ್ಮುರಿ ಅಂಗಡಿ ಇಟ್ಟಿದ್ದಾರೆ. ನೇರ ಅಲ್ಲಿಗೇ ಹೋದೆ. ಈರುಳ್ಳಿ ಹೆಚ್ಚುತ್ತಿದ್ದವರು ನನ್ನ ಮಾತು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಚೂರಿ ಮಾತ್ರ ಅರ್ಧದಲ್ಲೇ ನಿಂತಿತು.

“ಆ ಡಾಕ್ಟ್ರಮ್ಮನಿಗೆ ನಾನು ಎಂತೆಲ್ಲ ಹೇಳಿದೆ, ನೀನು ಅಲ್ಲೇ ಇದ್ದೆ” ಎಂದರು.

“ಇದ್ದೆ ಕಾಕ.”

“ಅವರ ಕ್ಲಿನಿಕ್ ಎಲ್ಲಿ?”

ಹೇಳಿದೆ. ಕೈ ತೊಳೆದು, ಅಂಗಿ ಸರಿಮಾಡಿಕೊಂಡು ಸ್ಕೂಟರ್ ಹತ್ತಿದರು. ನಾನೂ ಬರುತ್ತೇನೆ ಎಂದು ಮುಂದೆ ಹೋದೆ.

“ನೀನು ಬರ್ಬೇಡ” ಎಂದರು. ಹೊರಟುಹೋದರು.

ನನಗೆ ಇಷ್ಟು ವರ್ಷ ಬೇಕಾದ ಕೆಲಸಕ್ಕೆ ಅವರು ಈರುಳ್ಳಿ ಹೆಚ್ಚಿ ಮುಗಿಸುವಷ್ಟೂ ಕಾಯಲಿಲ್ಲ. ತೆರೆದಿದ್ದ ಅಂಗಡಿಯ ಮುಂದೆ ನಾನು ನಿಂತಿದ್ದೆ. ಮಕ್ಕಳನ್ನು ಕರೆದುಕೊಂಡು ಬಂದ ಹೆಂಗಸೊಬ್ಬರು ಚರ್ಮುರಿ ಕೇಳಿದರು. ಅಂಗಡಿಯವರು ಇಲ್ಲ ಎಂದೆ.

“ಎಲ್ಲಿಗೆ ಹೋಗಿದ್ದಾರೆ?”

“ಬಿಜೈಗೆ” ಎಂದೆ. “ನಾನು ಹೇಳಿದ ಸುಳ್ಳಿಗೆ ಅವರು ಕ್ಷಮೆ ಕೇಳ್ಲಿಕ್ಕೆ ಹೋಗಿದ್ದಾರೆ.”